ವಿಮಾನವೇ ಇಲ್ಲದೆ ರೇಡಾರ್ ಟೆಸ್ಟ್ ಮಾಡೋದು ಹೇಗೆ?

ಓದುಗರ ಪ್ರಶ್ನೆ, ಟೆಸ್ಟ್ ಬೆಂಚಿನ ಉತ್ತರ

ಹೋದ ಸಂಚಿಕೆಯಲ್ಲಿ ಬೆಂಗಳೂರಿನ ರೇಡಾರ್ ಕೆಲಸದ ಬಗ್ಗೆ ಒಂದು ಪುಟ ಬರೆದಿದ್ದೆ. 1954ರಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಹುಟ್ಟಿದಾಗಿನಿಂದ ಈ ಊರಿನಲ್ಲಿ ಈ ವಿದ್ಯೆ ಬೆಳೆದುಕೊಂಡು ಬಂದಿದೆ. ಇವತ್ತು ಸಿ.ವಿ. ರಾಮನ್ ನಗರದ ಸರ್ಕಾರಿ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇಯಿಂದ ಹಿಡಿದು ಪೀಣ್ಯದ ಸಣ್ಣ ಶೆಡ್ಡಿನ ತನಕ ಎಷ್ಟೋ ಜನ ಇದರಲ್ಲೇ ಅನ್ನ ತಿನ್ನುತ್ತಿದ್ದಾರೆ. ನಾನೂ ಅವರಲ್ಲಿ ಒಬ್ಬಳು. 1986ರಲ್ಲಿ ಡಿಪ್ಲೊಮಾ ಮುಗಿಸಿ ಟ್ರೈನಿಯಾಗಿ ಸೇರಿದೆ. 34 ವರ್ಷ ಟೆಸ್ಟ್ ಬೆಂಚಿನ ಮುಂದೆಯೇ ಕೂತೆ. ಲೇಖನ ಓದಿ ತುಂಬ ಜನ ಕಾಗದ ಬರೆದಿದ್ದೀರಿ. ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ. ಪಠ್ಯಪುಸ್ತಕದಲ್ಲಿ ಇರುವ ವಿಷಯ, ನನ್ನ ಕೈಯ ಅನುಭವ, ಇಷ್ಟೇ ಇಲ್ಲಿ ಬರುತ್ತದೆ. ಪ್ರಾಜೆಕ್ಟುಗಳ ಒಳವಿವರ ಕೇಳಿದವರಿಗೆ ಉತ್ತರ ಕೊಡಲಾರೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಫ್ಯಾಕ್ಟರಿಯ ಒಳಗೆ ರೇಡಾರ್ ಪರೀಕ್ಷೆ ಮಾಡುತ್ತಾರೆ ಎಂದು ಬರೆದಿದ್ದೀರಿ. ಒಳಗೆ ವಿಮಾನ ಎಲ್ಲಿಂದ ಬರುತ್ತದೆ? ಪ್ರತಿ ಸಲ ಒಂದು ವಿಮಾನ ಹಾರಿಸಲು ಆಗುತ್ತದೆಯೇ?
(ನಿವೃತ್ತ ವಿಜ್ಞಾನ ಶಿಕ್ಷಕರು, ಸಾಗರ)

ಮೇಷ್ಟ್ರೇ, ನಾನು ಟ್ರೈನಿ ಆಗಿದ್ದಾಗ ನಮ್ಮ ಹಿರಿಯರನ್ನು ಕೇಳಿದ ಮೊದಲ ಪ್ರಶ್ನೆಯೇ ಇದು.

ರೇಡಾರ್ ವಿಮಾನವನ್ನು ನೋಡುವುದಿಲ್ಲ. ಒಂದು ಸಣ್ಣ ಅಲೆಯ ತುಂಡನ್ನು ಕಳಿಸುತ್ತದೆ, ಅದು ತಾಗಿ ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ಎಣಿಸುತ್ತದೆ. ರೇಡಿಯೊ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಹೋಗುತ್ತದೆ. ಅದು ಹೋಗಿ ವಾಪಸ್ ಬರಬೇಕಲ್ಲ, ಅದಕ್ಕೇ ಒಂದು ಮೈಕ್ರೋಸೆಕೆಂಡ್ ತಡ ಅಂದರೆ ದೂರ ಅದರ ಅರ್ಧ, 150 ಮೀಟರ್. ಹಾಗಾಗಿ ರೇಡಾರಿನ ಲೆಕ್ಕದಲ್ಲಿ ದೂರ ಅಂದರೆ ತಡ. ನೀವು ಆ ಅಲೆಯನ್ನು ಹಿಡಿದು, ಸ್ವಲ್ಪ ತಡ ಮಾಡಿ ವಾಪಸ್ ಕೊಟ್ಟರೆ ಸಾಕು. ಅದಕ್ಕೆ ವಿಮಾನ ಕಂಡ ಹಾಗೆಯೇ.

ತಡ ಮಾಡುವುದಕ್ಕೆ ಒಂದು ಸೊಗಸಾದ ಉಪಾಯ ಇದೆ. ರೇಡಾರಿನ ಸಿಗ್ನಲನ್ನು ಲೇಸರ್ ಬೆಳಕಿನ ಮೇಲೆ ಹತ್ತಿಸಿ, ಉದ್ದನೆಯ ಆಪ್ಟಿಕಲ್ ಫೈಬರಿನೊಳಗೆ ಬಿಡುತ್ತಾರೆ. ಗಾಜಿನೊಳಗೆ ಬೆಳಕು ನಿಧಾನ. ಒಂದು ಕಿಲೋಮೀಟರ್ ದಾಟಲು ಸುಮಾರು 4.9 ಮೈಕ್ರೋಸೆಕೆಂಡ್ ತಗೊಳ್ಳುತ್ತದೆ. ಅಂದರೆ ರೇಡಾರಿಗೆ ಸುಮಾರು 735 ಮೀಟರ್. ಹತ್ತು ಕಿಲೋಮೀಟರ್ ಫೈಬರ್ ಸುತ್ತಿದ ಸುರುಳಿ ಊಟದ ತಟ್ಟೆಯಷ್ಟೇ ಅಗಲ ಇರುತ್ತದೆ. ಅದನ್ನು ಡಬ್ಬಿಯಲ್ಲಿಟ್ಟು ರೇಡಾರಿಗೆ ಜೋಡಿಸಿದರೆ ತೆರೆಯ ಮೇಲೆ 7.35 ಕಿಲೋಮೀಟರ್ ದೂರದಲ್ಲಿ ಒಂದು ಚುಕ್ಕಿ ಬೀಳುತ್ತದೆ. ಇನ್ನೊಂದು ಸುರುಳಿ ಸೇರಿಸಿ, ಚುಕ್ಕಿ 14.7ಕ್ಕೆ ಜಾರುತ್ತದೆ. ಮೊದಲ ಸಲ ಇದನ್ನು ನೋಡಿದಾಗ ನಾನು ಡಬ್ಬಿಯ ಮುಚ್ಚಳ ತೆಗೆಸಿ ಸುರುಳಿಯನ್ನು ಕಣ್ಣಾರೆ ನೋಡಿದೆ. ನಂಬೋಕೇ ಆಗಿರಲಿಲ್ಲ.

ಸುರುಳಿ ಕೊಡುವುದು ನಿಂತ ವಿಮಾನ. ಓಡುವ ವಿಮಾನ ಬೇಕಾದರೆ ಅಲೆಯ ಫ್ರೀಕ್ವೆನ್ಸಿಯನ್ನೂ ಸ್ವಲ್ಪ ಬದಲಿಸಬೇಕು. ರೈಲು ಹತ್ತಿರ ಬರುವಾಗ ಸೀಟಿಯ ಸ್ವರ ಏರುತ್ತದಲ್ಲ, ನೀವು ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿರುತ್ತೀರೋ ಆ ಡಾಪ್ಲರ್ ಪರಿಣಾಮವೇ ಇದು. 10 ಗಿಗಾಹರ್ಟ್ಸ್ ರೇಡಾರಿನ ಕಡೆಗೆ ವಿಮಾನ ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಬರುತ್ತಿದ್ದರೆ ಬದಲಾವಣೆ 20 ಕಿಲೋಹರ್ಟ್ಸ್. ಹತ್ತು ಲಕ್ಷಕ್ಕೆ ಎರಡು ಪಾಲು. ಇದಕ್ಕೆ ಈಗ ಡಿಆರ್‌ಎಫ್‌ಎಂ ಅನ್ನುವ ಡಿಜಿಟಲ್ ನೆನಪಿನ ಪೆಟ್ಟಿಗೆ ಬಂದಿದೆ. ಬಂದ ಅಲೆಯನ್ನು ಅಂಕಿಗಳಾಗಿ ಬರೆದಿಟ್ಟುಕೊಂಡು, ಬೇಕಾದ ತಡ, ಬೇಕಾದ ಡಾಪ್ಲರ್ ಸೇರಿಸಿ ವಾಪಸ್ ಹಾಡುತ್ತದೆ.

ಇಷ್ಟು ಚಿಕ್ಕ ಬದಲಾವಣೆ ಹಿಡಿಯಬೇಕಾದರೆ ರೇಡಾರಿನ ಒಳಗೆ ಅಲೆ ಹುಟ್ಟಿಸುವ ಆಸಿಲೇಟರಿನ ಸ್ವರ ತುಂಬ ಶುದ್ಧವಾಗಿರಬೇಕು. ವಿಮಾನದ ಹಿಂದೆ ಒಂದು ಬೆಟ್ಟ ಇದೆ ಅಂತ ಇಟ್ಟುಕೊಳ್ಳಿ. ಬೆಟ್ಟದಿಂದ ಬರುವ ಪ್ರತಿಧ್ವನಿ ದೊಡ್ಡದು, ವಿಮಾನದ್ದು ಚಿಕ್ಕದು. ಆಸಿಲೇಟರಿನ ಸ್ವರ ಸ್ವಲ್ಪ ನಡುಗಿದರೂ ಬೆಟ್ಟದ ಪ್ರತಿಧ್ವನಿ ಅಕ್ಕಪಕ್ಕಕ್ಕೆ ಚೆಲ್ಲಿಕೊಂಡು ವಿಮಾನವನ್ನು ನುಂಗಿಬಿಡುತ್ತದೆ. ಇದನ್ನು ಫೇಸ್ ನಾಯ್ಸ್ ಅಂತೀವಿ. ನೋಡೋಕೆ ಒಂದು ಸಣ್ಣ ಡಬ್ಬಿ, ಆದರೆ ನಾನು ಅತಿ ಹೆಚ್ಚು ಹೊತ್ತು ಕೂತು ಅಳೆದದ್ದು ಇದನ್ನೇ.

ಆಂಟೆನಾದ್ದು ಬೇರೆ ಕಥೆ. ಅದರ ಕಿರಣದ ಆಕಾರ ಸರಿಯಾಗಿ ಕಾಣಬೇಕಾದರೆ ದೂರ ನಿಂತು ಅಳೆಯಬೇಕು. ಎರಡು ಮೀಟರ್ ಅಗಲದ ಆಂಟೆನಾ, ಮೂರು ಸೆಂಟಿಮೀಟರ್ ಅಲೆ ಅಂದರೆ ಸುಮಾರು 267 ಮೀಟರ್ ದೂರ ಬೇಕು. ಅಷ್ಟು ಉದ್ದದ ಕೋಣೆ ಯಾರು ಕಟ್ಟುತ್ತಾರೆ? ಅದಕ್ಕೇ ಗೋಡೆಗೆಲ್ಲ ಅಲೆ ಹೀರಿಕೊಳ್ಳುವ, ಕಾರ್ಬನ್ ಬೆರೆಸಿದ ಸ್ಪಂಜಿನ ಮೊನೆಗಳನ್ನು ಅಂಟಿಸಿದ ಕೋಣೆಯಲ್ಲಿ, ಆಂಟೆನಾದ ಮೂಗಿನ ಹತ್ತಿರವೇ ಒಂದು ಸಣ್ಣ ಪ್ರೋಬನ್ನು ಸಾಲು ಸಾಲಾಗಿ ಓಡಿಸಿ ಅಳೆದು, ದೂರದ ಚಿತ್ರವನ್ನು ಗಣಿತದಿಂದ ತೆಗೆಯುತ್ತಾರೆ. ಆ ಕೋಣೆಯೊಳಗೆ ಮಾತಾಡಿದರೆ ನಮ್ಮ ದನಿಯೂ ಸತ್ತ ಹಾಗೆ ಕೇಳುತ್ತದೆ.

ಇಷ್ಟೆಲ್ಲ ಆದ ಮೇಲೂ ನಿಜವಾದ ವಿಮಾನ ಬೇಕೇ ಬೇಕು. ಮಳೆ, ಹಕ್ಕಿ ಹಿಂಡು, ಗಾಳಿಗೆ ಅಲ್ಲಾಡುವ ಮರ, ಇವನ್ನೆಲ್ಲ ಪೂರ್ತಿಯಾಗಿ ಡಬ್ಬಿಯಲ್ಲಿ ತುಂಬಲು ಆಗುವುದಿಲ್ಲ. ಆದರೆ ಬೆಂಚಿನ ಮೇಲೆ ಹತ್ತು ನಿಮಿಷದಲ್ಲಿ ಸಿಗುವ ತಪ್ಪನ್ನು ಹುಡುಕಲು ವಿಮಾನ ಹಾರಿಸುವುದು ದುಡ್ಡಿಗೂ ಕೇಡು, ಪೈಲಟ್‌ಗಳ ಶ್ರಮಕ್ಕೂ ಕೇಡು.

ಪ್ರಶ್ನೆ: ಜಾಮರ್ ಹಾಕಿದರೆ ರೇಡಾರ್ ಪೂರ್ತಿ ಕುರುಡಾಗುತ್ತದೆಯೇ? ಹಾಗಿದ್ದರೆ ಇಷ್ಟು ಖರ್ಚು ಮಾಡಿ ರೇಡಾರ್ ಮಾಡುವುದೇಕೆ?
(ಓದುಗರು, ದಾವಣಗೆರೆ)

ಪೂರ್ತಿ ಕುರುಡಾಗುವುದಿಲ್ಲ. ಜಾಮರ್ ಅಂದರೆ ರೇಡಾರಿನ ಕಿವಿಗೆ ಗದ್ದಲದ ಅಲೆ ತುಂಬುವ ಯಂತ್ರ. ರೇಡಾರಿನ ಅಲೆ ಹೋಗುವಾಗಲೂ ಹರಡಿ ಸೊರಗುತ್ತದೆ, ಬರುವಾಗಲೂ ಸೊರಗುತ್ತದೆ. ದೂರ ಎರಡು ಪಟ್ಟಾದರೆ ಪ್ರತಿಧ್ವನಿ ಹದಿನಾರನೇ ಒಂದು ಪಾಲಾಗುತ್ತದೆ. ಜಾಮರಿನದು ಒಂದೇ ಕಡೆಯ ಪ್ರಯಾಣ, ಅದು ನಾಲ್ಕನೇ ಒಂದು ಪಾಲಾಗುತ್ತದೆ ಅಷ್ಟೇ. ಹಾಗಾಗಿ ದೂರದಲ್ಲಿ ಜಾಮರ್ ಗೆಲ್ಲುತ್ತದೆ. ಜಾಮರ್ ಹೊತ್ತ ವಿಮಾನ ಹತ್ತಿರ ಬಂದ ಹಾಗೆ ಪ್ರತಿಧ್ವನಿ ಬೇಗ ಬೇಗ ಬಲವಾಗುತ್ತದೆ, ಒಂದು ಜಾಗದಲ್ಲಿ ರೇಡಾರ್ ಗೆದ್ದುಬಿಡುತ್ತದೆ. ಆ ಜಾಗ ಎಷ್ಟು ದೂರದಲ್ಲಿದೆ ಅನ್ನುವುದಕ್ಕಾಗಿಯೇ ಎರಡೂ ಕಡೆಯ ಎಂಜಿನಿಯರುಗಳು ಜೀವಮಾನ ಸವೆಸುತ್ತಾರೆ.

ಮೇಲೆ ಹೇಳಿದೆನಲ್ಲ, ಅಲೆಯನ್ನು ನೆನಪಿಟ್ಟುಕೊಂಡು ತಡ ಮಾಡಿ ಕೊಡುವ ಪೆಟ್ಟಿಗೆ, ಅದೇ ಇಲ್ಲೂ ಬರುತ್ತದೆ. ನಮ್ಮ ಬೆಂಚಿನ ಮೇಲೆ ಅದು ಟಾರ್ಗೆಟ್ ಸಿಮ್ಯುಲೇಟರ್. ಶತ್ರು ವಿಮಾನದಲ್ಲಿ ಕೂತರೆ ಸುಳ್ಳು ವಿಮಾನ ತೋರಿಸುವ ಜಾಮರ್. ಇದಕ್ಕಿಂತ ಹಳೆಯ ಉಪಾಯವೂ ಇದೆ. 1943ರ ಜುಲೈ 24ರ ರಾತ್ರಿ ಹ್ಯಾಂಬರ್ಗ್ ಮೇಲೆ ಬ್ರಿಟಿಷ್ ವಿಮಾನಗಳು ಅಲ್ಯೂಮಿನಿಯಂ ಹಾಳೆ ಅಂಟಿಸಿದ ಕಾಗದದ ಪಟ್ಟಿಗಳನ್ನು ಕಂತೆ ಕಂತೆ ಸುರಿದವು. ಉದ್ದ ಸುಮಾರು 27 ಸೆಂಟಿಮೀಟರ್, ಜರ್ಮನ್ನರ ವುರ್ಟ್ಸ್‌ಬುರ್ಗ್ ರೇಡಾರಿನ ಅಲೆಯ ಅರ್ಧ. ತೆರೆಯೆಲ್ಲ ಸುಳ್ಳು ಚುಕ್ಕಿ.

ಅಲೆಗಳ ಈ ಕಾಳಗಕ್ಕೆ ಎಲೆಕ್ಟ್ರಾನಿಕ್ ವಾರ್‌ಫೇರ್ ಅಂತಾರೆ. ಅದರ ಇನ್ನೊಂದು ಮುಖ ಕೇಳಿಸಿಕೊಳ್ಳುವುದು. ವಿಮಾನದಲ್ಲಿರುವ ಎಚ್ಚರಿಕೆ ರಿಸೀವರಿಗೆ ಸುತ್ತಲಿನ ರೇಡಾರುಗಳ ಪಲ್ಸುಗಳು, ಅಂದರೆ ಅಲೆಯ ತುಂಡುಗಳೆಲ್ಲ ಕಲಸಿಕೊಂಡು ಬರುತ್ತವೆ. ಮೆಜೆಸ್ಟಿಕ್‌ನಲ್ಲಿ ಹತ್ತು ಕಂಡಕ್ಟರುಗಳು ಒಟ್ಟಿಗೆ ಕೂಗುವಾಗ ನಮ್ಮೂರ ಬಸ್ಸಿನ ಕೂಗನ್ನು ಕಿವಿ ಹೆಕ್ಕಿಕೊಳ್ಳುತ್ತದಲ್ಲ, ಹಾಗೆ ಅದು ಪಲ್ಸಿನ ಅಗಲ, ನಡುವಿನ ಬಿಡುವು, ಫ್ರೀಕ್ವೆನ್ಸಿ, ಬಂದ ದಿಕ್ಕು ನೋಡಿ ಒಂದೊಂದನ್ನೂ ಬೇರೆ ಮಾಡಬೇಕು. ಟೆಸ್ಟಿನಲ್ಲಿ ನಾವು ಒಂದು ರೇಡಾರ್ ಕೊಟ್ಟು ಪಾಸ್ ಅನ್ನುವುದಿಲ್ಲ. ಒಂದರ ಮೇಲೊಂದು ಬೀಳುವ ಹಾಗೆ ಹಲವನ್ನು ಒಟ್ಟಿಗೆ ಕೊಟ್ಟು, ಯಾವಾಗ ಅದಕ್ಕೆ ಗೊಂದಲ ಆಗುತ್ತದೆ ಅಂತ ಹುಡುಕುತ್ತೇವೆ.

ಪ್ರಶ್ನೆ: ಡಿಪ್ಲೊಮಾ ಇ ಅಂಡ್ ಸಿ ಕೊನೆಯ ವರ್ಷ. ರೇಡಾರ್ ಮಾಡ್ಯೂಲ್ ತಯಾರಿಸುವ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಸಿಕ್ಕಿದೆ. ಸ್ನೇಹಿತೆಯರು "ಡಿಸೈನ್ ಸಿಗದವರು ಟೆಸ್ಟಿಂಗಿಗೆ ಹೋಗ್ತಾರೆ" ಅನ್ನುತ್ತಾರೆ. ಸೇರಲೇ ಮೇಡಂ?
(ವಿದ್ಯಾರ್ಥಿನಿ, ಹಾಸನ)

ಸೇರು ಮಗಳೇ. ಕಣ್ಣು ಮುಚ್ಚಿಕೊಂಡು ಸೇರು.

ಡಿಸೈನ್ ಮಾಡಿದವರಿಗೆ ತಾವು ಮಾಡಿದ್ದು ಹೇಗೆ ಕೆಲಸ ಮಾಡಬೇಕು ಅಂತ ಗೊತ್ತು. ಅದು ಹೇಗೆ ಕೈಕೊಡುತ್ತದೆ ಅಂತ ಗೊತ್ತಾಗುವುದು ಬೆಂಚಿನಲ್ಲಿ. ನಿನ್ನ ಕೈಗೆ ಬರುವುದು ಬಹುಶಃ ಟಿಆರ್ ಮಾಡ್ಯೂಲ್. ಕಳಿಸುವ ಆಂಪ್ಲಿಫೈಯರ್, ಕೇಳಿಸಿಕೊಳ್ಳುವ ಆಂಪ್ಲಿಫೈಯರ್, ಅಲೆಯನ್ನು ಸ್ವಲ್ಪ ಹಿಂದೆ ಮುಂದೆ ಸರಿಸುವ ಫೇಸ್ ಶಿಫ್ಟರ್, ಅದರ ಬಲ ತಗ್ಗಿಸುವ ಅಟೆನ್ಯುಯೇಟರ್ ಎಲ್ಲ ಒಂದು ಅಂಗೈಯಗಲದ ಡಬ್ಬಿಯಲ್ಲಿ. ಆರು ಬಿಟ್ಟಿನ ಫೇಸ್ ಶಿಫ್ಟರ್ ಅಂದರೆ 64 ಸ್ಥಿತಿ, ಒಂದೊಂದು ಹೆಜ್ಜೆ 5.625 ಡಿಗ್ರಿ. ಅಟೆನ್ಯುಯೇಟರಿಗೂ 64 ಸ್ಥಿತಿ ಅಂದುಕೋ. ಎರಡೂ ಸೇರಿ 4,096. 101 ಫ್ರೀಕ್ವೆನ್ಸಿ, ಮೂರು ತಾಪಮಾನ ಅಂತ ಎಲ್ಲವನ್ನೂ ಅಳೆಯಲು ಹೋದರೆ ಒಂದೇ ಡಬ್ಬಿಗೆ 12 ಲಕ್ಷಕ್ಕೂ ಜಾಸ್ತಿ ರೀಡಿಂಗ್. ನಾನು ಸೇರಿದಾಗ ರೀಡಿಂಗುಗಳನ್ನು ರಿಜಿಸ್ಟರಿನಲ್ಲಿ ಕೈಯಲ್ಲಿ ಬರೆಯುತ್ತಿದ್ದೆವು. ಈಗ ಕಂಪ್ಯೂಟರ್ ಉಪಕರಣಗಳನ್ನು ತಾನೇ ಓಡಿಸುತ್ತದೆ. ಹಾಗಾಗಿ ಪ್ರೋಗ್ರಾಮಿಂಗ್ ಕಲಿ, ಪೈಥಾನ್ ಸಾಕು.

ಆದರೆ ಮೊದಲ ವಾರ ಕಲಿಯಬೇಕಾದ್ದು ಪೈಥಾನ್ ಅಲ್ಲ. ಕೇಬಲ್ ಜೋಡಿಸುವ ಎಸ್‌ಎಂಎ ಅನ್ನುವ ಸಣ್ಣ ಕನೆಕ್ಟರನ್ನು ಬಿಗಿ ಮಾಡುವುದು. ಮೊದಲು ಪಿನ್ನನ್ನು ಬೆಳಕಿಗೆ ಹಿಡಿದು ನೋಡು. ಬಗ್ಗಿದೆಯಾ, ಲೋಹದ ಹುಡಿ ಕೂತಿದೆಯಾ? ಎರಡನ್ನೂ ನೇರ ಹಿಡಿದು, ನಟ್ಟನ್ನು ಮಾತ್ರ ಬೆರಳ ತುದಿಯಲ್ಲಿ ತಿರುಗಿಸು. ಕೇಬಲಿನ ಮೈ ತಿರುಗಬಾರದು. ಮೈ ತಿರುಗಿದರೆ ಒಳಗೆ ಪಿನ್ನು ಪಿನ್ನನ್ನು ಉಜ್ಜಿ ಚಿನ್ನದ ಲೇಪ ಕೆರೆದುಹೋಗುತ್ತದೆ. ಕೊನೆಗೆ ಟಾರ್ಕ್ ಸ್ಪ್ಯಾನರ್. ಸ್ಟೀಲಿನದಕ್ಕೆ ಸಾಮಾನ್ಯವಾಗಿ 0.9 ನ್ಯೂಟನ್ ಮೀಟರ್, ಹಿತ್ತಾಳೆಯದಕ್ಕೆ 0.56. ಸ್ಪ್ಯಾನರಿನ ಬಾಲ ಹಿಡಿದು ನಿಧಾನವಾಗಿ ಒತ್ತಿದರೆ ಕುತ್ತಿಗೆಯಲ್ಲಿ ಟಕ್ ಅಂತ ಮುರಿದ ಹಾಗೆ ಆಗುತ್ತದೆ. ಅಲ್ಲಿಗೆ ಕೈ ಬಿಡು. ಎರಡನೇ ಟಕ್ ಬೇಡ.

ಇನ್ನೊಂದು. ಮೈಯ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಇಎಸ್‌ಡಿ ಪಟ್ಟಿಯನ್ನು ಕೈಗೆ ಕಟ್ಟಿಕೊಳ್ಳದೆ ಬೆಂಚ್ ಮುಟ್ಟಬೇಡ. ನಮಗೆ ಚುರ್ ಅಂತ ತಾಗುವುದೇ ಸುಮಾರು 3,000 ವೋಲ್ಟಿನ ಮೇಲೆ. ಈ ಮೈಕ್ರೋವೇವ್ ಚಿಪ್ಪುಗಳಲ್ಲಿ ಕೆಲವು 250 ವೋಲ್ಟಿಗೂ ಮುಂಚೆಯೇ ಸಾಯುತ್ತವೆ. ನಿನಗೆ ಏನೂ ಗೊತ್ತಾಗುವುದೇ ಇಲ್ಲ. ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಅಂತೂ ಜಾಸ್ತಿ ಹುಷಾರಾಗಿರಬೇಕು.

ಪ್ರಶ್ನೆ: ಪೀಣ್ಯದಲ್ಲಿ ಟೆಸ್ಟ್ ಟೆಕ್ನೀಷಿಯನ್ ಆಗಿ ಎರಡು ವರ್ಷ ಆಯಿತು. ಒಂದು ಮಾಡ್ಯೂಲ್ ಕೋಣೆಯ ತಾಪಮಾನದಲ್ಲಿ ಚೆನ್ನಾಗಿದೆ. ಚಳಿ-ಬಿಸಿ ಪರೀಕ್ಷೆಯ ಚೇಂಬರಿನಲ್ಲಿ ಮೈನಸ್ 40 ಡಿಗ್ರಿಗೆ ಹೋದರೆ ಪವರ್ ಬೀಳುತ್ತದೆ. ಹೊರಗೆ ತೆಗೆದು ಮತ್ತೆ ಜೋಡಿಸಿದರೆ ಸರಿ ಇರುತ್ತದೆ. ಮೇಲಿನವರು "ಕೇಬಲ್ ಪ್ರಾಬ್ಲಂ, ರೀಟೆಸ್ಟ್ ಓಕೆ ಅಂತ ಬರಿ" ಅನ್ನುತ್ತಾರೆ. ಏನು ಮಾಡಲಿ ಮೇಡಂ?
(ಓದುಗ, ಬೆಂಗಳೂರು)

ನಿನ್ನ ಕಾಗದವನ್ನು ಮೂರು ಸಲ ಓದಿದೆ ತಮ್ಮಾ. ಇದೇ ಮಾತನ್ನು ನಾನೂ ಕೇಳಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಕೇಬಲ್ ಅಂತ ಹೇಳಿದವರು ಸುಳ್ಳು ಹೇಳುತ್ತಿಲ್ಲ. ಕೇಬಲಿನ ತಪ್ಪು ನಿಜವಾಗಿಯೂ ಬಹಳ ಇರುತ್ತದೆ. ನನ್ನದೇ ಒಂದು ಸಂಗತಿ ಹೇಳುತ್ತೇನೆ. ಒಂದು ಸಲ ನಮ್ಮಲ್ಲಿ ಮೊದಲ ಶಿಫ್ಟಿನವರ ಫೇಸ್ ರೀಡಿಂಗಿಗೂ ಎರಡನೇ ಶಿಫ್ಟಿನವರ ರೀಡಿಂಗಿಗೂ ತಾಳೆಯೇ ಆಗುತ್ತಿರಲಿಲ್ಲ. ಅದೇ ಮಾಡ್ಯೂಲ್, ಅಳೆಯುವ ಯಂತ್ರವೂ ಅದೇ ನೆಟ್‌ವರ್ಕ್ ಅನಲೈಜರ್, ಕೆಲವು ಡಿಗ್ರಿ ವ್ಯತ್ಯಾಸ. ಒಂದು ಹೆಜ್ಜೆಯೇ 5.625 ಡಿಗ್ರಿ ಇರುವಲ್ಲಿ ಅಷ್ಟು ವ್ಯತ್ಯಾಸ ಬಂದರೆ ಏನು ಗತಿ? ಶಿಫ್ಟು ಶಿಫ್ಟುಗಳ ನಡುವೆ ಮಾತು ಬಿಡುವ ಮಟ್ಟಕ್ಕೆ ಹೋಯಿತು. ನಾನು ಮಾಡ್ಯೂಲ್ ತೆಗೆದಿಟ್ಟು, ಕೇಬಲನ್ನು ಕೇಬಲಿಗೇ ಜೋಡಿಸಿ, ಬೆಳಗ್ಗೆ ಏಳರಿಂದ ಅರ್ಧ ಗಂಟೆಗೊಂದು ರೀಡಿಂಗ್ ತಗೊಂಡು ಕೂತೆ. ಪಕ್ಕದಲ್ಲಿ ಒಂದು ಥರ್ಮಾಮೀಟರ್. ಡಿಸೆಂಬರ್ ತಿಂಗಳು, ಬೆಳಗ್ಗೆ ಕೋಣೆ 17 ಡಿಗ್ರಿ. ಮಧ್ಯಾಹ್ನದ ಹೊತ್ತಿಗೆ 24. ಹೆಚ್ಚುಕಡಿಮೆ 19 ಡಿಗ್ರಿ ದಾಟುವಾಗ ಫೇಸ್ ಒಂದೇ ಸಲ ಜಾರಿತು.

ಕೇಬಲಿನ ಒಳಗೆ ಬಿಳಿ ಟೆಫ್ಲಾನ್ ಇರುತ್ತದಲ್ಲ, ಅದರ ಅಣುಗಳ ಜೋಡಣೆ ಸುಮಾರು 19 ಡಿಗ್ರಿಯಲ್ಲಿ ಬದಲಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಎರಡು ಮೀಟರ್ ಕೇಬಲಿನಲ್ಲಿ 10 ಗಿಗಾಹರ್ಟ್ಸಿನ ಸುಮಾರು 95 ಅಲೆ ನಿಂತಿರುತ್ತವೆ. ಹತ್ತು ಸಾವಿರಕ್ಕೆ ಒಂದು ಪಾಲು ಉದ್ದ ಬದಲಾದರೂ ಫೇಸ್ ಮೂರು ಡಿಗ್ರಿ ಹೋಯಿತು. ಬೆಂಗಳೂರಿನ ಚಳಿಗಾಲದ ಬೆಳಗು ಸರಿಯಾಗಿ ಆ ಗೆರೆಯ ಮೇಲೆಯೇ ಕೂರುತ್ತದೆ. ಎಸಿಯನ್ನು ಹಗಲು ರಾತ್ರಿ 23ಕ್ಕೆ ನಿಲ್ಲಿಸಿ, ಶಿಫ್ಟ್ ಬದಲಾದಾಗ ಮತ್ತೆ ಕ್ಯಾಲಿಬ್ರೇಷನ್ ಮಾಡಲು ಶುರು ಮಾಡಿದೆವು. ಜಗಳ ನಿಂತಿತು.

ಈಗ ಇನ್ನೊಂದು ಸಂಗತಿ. ಇದನ್ನು ಹೇಳಲು ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಮಾರ್ಚ್ ಕೊನೆಯ ವಾರ. ಒಂದು ಯೂನಿಟ್ ಚಳಿಯಲ್ಲಿ ಮೂರು ಡಿಬಿ ಬಿತ್ತು. ಅಂದರೆ ಅರ್ಧ ಪವರ್ ಹೋಯಿತು. ತೆಗೆದು ಮತ್ತೆ ಬಿಗಿ ಮಾಡಿದೆವು, ಸರಿಯಾಯಿತು. ಇನ್ನೊಂದು ಸಲ ಚಳಿಗೆ ಹಾಕಿದೆವು, ಆಗಲೂ ಸರಿ ಇತ್ತು. ಕೇಬಲ್ ಅಂದುಕೊಂಡೆವು. ನಾನೇ ಸಹಿ ಹಾಕಿದೆ. ಏಳು ತಿಂಗಳಾದ ಮೇಲೆ ಅದೇ ಯೂನಿಟ್ ಅದೇ ದೂರು ಹೊತ್ತು ವಾಪಸ್ ಬಂತು. ಮುಚ್ಚಳ ತೆಗೆದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು. ಕನೆಕ್ಟರಿನ ನಡುಪಿನ್ನು ಬೋರ್ಡಿಗೆ ಸೇರುವ ಜಾಗದಲ್ಲಿ ಬೆಸುಗೆಯ ಸುತ್ತ ಒಂದು ಸಣ್ಣ ಉಂಗುರದಂಥ ಬಿರುಕು.

ಏನಾಗಿತ್ತು ಅಂದರೆ, ಡಬ್ಬಿ ಅಲ್ಯೂಮಿನಿಯಂ, ಒಳಗಿನ ತಟ್ಟೆ ಅಲ್ಯೂಮಿನಾ ಸೆರಾಮಿಕ್. ಒಂದು ಡಿಗ್ರಿ ಚಳಿಗೆ ಅಲ್ಯೂಮಿನಿಯಂ ಹತ್ತು ಲಕ್ಷಕ್ಕೆ 23 ಪಾಲು ಕುಗ್ಗುತ್ತದೆ, ಸೆರಾಮಿಕ್ 7 ಪಾಲು. ಕೋಣೆಯಿಂದ ಮೈನಸ್ 40ಕ್ಕೆ 65 ಡಿಗ್ರಿ. 50 ಮಿಲಿಮೀಟರ್ ಉದ್ದಕ್ಕೆ ಲೆಕ್ಕ ಹಾಕಿದರೆ ವ್ಯತ್ಯಾಸ 0.05 ಮಿಲಿಮೀಟರ್. ಕೂದಲೆಳೆಯಷ್ಟು. ಪ್ರತಿ ಸಲ ಚಳಿಗೆ ಹೋಗಿ ಬಂದಾಗಲೂ ಆ ಕೂದಲೆಳೆಯಷ್ಟು ಎಳೆತವನ್ನೆಲ್ಲ ಆ ಒಂದು ಬೆಸುಗೆ ತಿಂದಿತ್ತು. ನಾವು ಹೊರಗಿನಿಂದ ಕನೆಕ್ಟರ್ ಬಿಗಿ ಮಾಡಿದಾಗ ಪಿನ್ನು ಸ್ವಲ್ಪ ಒತ್ತಿಕೊಂಡು ಬಿರುಕು ಮುಚ್ಚಿಕೊಳ್ಳುತ್ತಿತ್ತು. "ರೀಟೆಸ್ಟ್ ಓಕೆ" ಆದದ್ದು ಹಾಗೆ. ಆಮೇಲೆ ಡಿಸೈನಿನವರು ಪಿನ್ನಿಗೂ ಬೋರ್ಡಿಗೂ ನಡುವೆ ಸಡಿಲವಾದ ಚಿನ್ನದ ರಿಬ್ಬನ್ ಹಾಕಿ ಸರಿ ಮಾಡಿದರು. ಆ ಯೂನಿಟ್ ಎಲ್ಲಿ ಕೂತಿತ್ತು, ಯಾರು ಅದನ್ನು ನಂಬಿಕೊಂಡಿದ್ದರು ಅಂತ ನೆನೆಸಿಕೊಂಡು ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ.

ಈಗ ನಿನ್ನ ಮಾಡ್ಯೂಲಿಗೆ ಬರೋಣ. ಮುಂದಿನ ಸಲ ಚಳಿಯಲ್ಲಿ ಪವರ್ ಬಿದ್ದರೆ ಬಾಗಿಲು ತೆಗೆಯಬೇಡ, ಕೈ ಹಾಕಬೇಡ. ಕನೆಕ್ಟರ್ ಬಿಚ್ಚಿದ ಗಳಿಗೆಯೇ ಸಾಕ್ಷಿ ನಾಶ. ಇದ್ದ ಹಾಗೆ ಇಟ್ಟುಕೊಂಡು ಡಿಸಿ ಕರೆಂಟ್ ಎಷ್ಟಿದೆ ಬರೆದುಕೋ, ವಾಪಸ್ ಬರುವ ಪವರ್ ಎಷ್ಟು ನೋಡು. ಕರೆಂಟೂ ಬಿದ್ದಿದ್ದರೆ ಒಳಗಿನ ಬಯಾಸ್ (ಚಿಪ್ಪಿಗೆ ಕೊಡುವ ಡಿಸಿ ವೋಲ್ಟೇಜ್) ಅಥವಾ ಚಿಪ್ ಕಡೆ ನೋಡು. ಕರೆಂಟ್ ಹಾಗೇ ಇದ್ದು ಪವರ್ ಮಾತ್ರ ಬಿದ್ದರೆ ದಾರಿಯಲ್ಲಿ ಎಲ್ಲೋ ತುಂಡಾಗಿದೆ. ಆಮೇಲೆ ನಿಧಾನವಾಗಿ ಬಿಸಿ ಮಾಡುತ್ತಾ ಬಾ, ಐದೈದು ಡಿಗ್ರಿಗೆ ರೀಡಿಂಗ್ ತಗೋ. ಒಂದೇ ಜಾಗದಲ್ಲಿ ಟಕ್ಕನೆ ಸರಿಹೋದರೆ ಬಿರುಕಿನ ಅನುಮಾನ ಗಟ್ಟಿ. ಸೊನ್ನೆಯ ಹತ್ತಿರ ಏರುಪೇರಾದರೆ ಒಳಗೆ ತೇವ ಇದೆಯಾ ನೋಡು.

ಕೇಬಲಿನ ಅನುಮಾನ ತೀರಿಸಿಕೊಳ್ಳಲು ಅದೇ ಕೇಬಲುಗಳನ್ನು, ಮಾಡ್ಯೂಲ್ ಇಲ್ಲದೆ ಒಂದಕ್ಕೊಂದು ಜೋಡಿಸಿ, ಅದೇ ಚಳಿಯ ಸುತ್ತು ಹಾಕಿಸು. ಚಳಿಯಲ್ಲಿ ಸರಿ ಇದೆ ಅಂತ ಮೊದಲೇ ಗೊತ್ತಿರುವ ಒಂದು ಯೂನಿಟ್ ಇದ್ದರೆ ಅದನ್ನೂ ಒಂದು ಸುತ್ತು ಹಾಕಿಸು. ಎರಡೂ ನೆಟ್ಟಗಿದ್ದರೆ ಕೇಬಲ್ ಅನ್ನುವ ಮಾತು ಮುಗಿಯಿತು. ಇದಕ್ಕೆಲ್ಲ ಒಂದು ದಿನ ಹಿಡಿಯುತ್ತದೆ. ಆ ಒಂದು ದಿನವನ್ನು ಕೇಳು. ಜಗಳ ಆಡಬೇಡ, ಗ್ರಾಫನ್ನು ಮೇಜಿನ ಮೇಲೆ ಇಟ್ಟು ಕೇಳು.

ಲಾಗ್‌ಬುಕ್ಕಿನಲ್ಲಿ "ರೀಟೆಸ್ಟ್ ಓಕೆ" ಅಂತ ಬರೆಯಬೇಡ. ಏನು ನೋಡಿದೆಯೋ ಅದನ್ನೇ ಬರಿ: ಮೈನಸ್ 40ರಲ್ಲಿ ಇಷ್ಟು ಡಿಬಿ ಬಿತ್ತು, ಇಷ್ಟು ಗಂಟೆಗೆ, ಕನೆಕ್ಟರ್ ಬಿಚ್ಚಿ ಬಿಗಿ ಮಾಡಿದ ಮೇಲೆ ಸರಿ ಕಂಡಿತು, ಕಾರಣ ಸಿಕ್ಕಿಲ್ಲ. "ಕಾರಣ ಸಿಕ್ಕಿಲ್ಲ" ಅಂತ ಬರೆಯಲು ನಾಚಿಕೆ ಬೇಡ. ನಾನು ಅವತ್ತು ಆ ಎರಡು ಪದ ಬರೆದಿದ್ದರೆ ಆ ಯೂನಿಟ್ ಗೇಟು ದಾಟುತ್ತಿರಲಿಲ್ಲ.

ಪ್ರಶ್ನೆ: ನಮ್ಮದು ಸಣ್ಣ ಮಷೀನ್ ಶಾಪ್. ಇಂಥ ಉಪಕರಣಗಳಿಗೆ ಅಲ್ಯೂಮಿನಿಯಂ ಡಬ್ಬಿ, ಮುಚ್ಚಳ ಮಾಡಿಕೊಡುತ್ತೇವೆ. ಮುಚ್ಚಳದ ಅಂಚಿನ ಮೇಲೆ ಪೇಂಟ್ ಸ್ವಲ್ಪ ಹರಿದು ಬಂದಿದೆ ಅಂತ ಇಡೀ ಲಾಟ್ ರಿಜೆಕ್ಟ್ ಮಾಡಿದರು. ಡಬ್ಬಿಗೆ ಇಷ್ಟೊಂದು ಮಡಿಯೇ?
(ವರ್ಕ್‌ಶಾಪ್ ಮಾಲೀಕರು, ಬೆಳಗಾವಿ)

ನಿಮ್ಮ ನಷ್ಟ ನನಗೆ ಅರ್ಥವಾಗುತ್ತದೆ. ಯಾಕೆ ರಿಜೆಕ್ಟ್ ಆಯಿತು ಅಂತ ಯಾರೂ ಬಿಡಿಸಿ ಹೇಳದೆ ಇದ್ದದ್ದು ತಪ್ಪು.

ನೀವು ಮಾಡುವುದು ಬರೀ ಡಬ್ಬಿ ಅಲ್ಲ, ಅದೂ ಸರ್ಕ್ಯೂಟಿನ ಒಂದು ಭಾಗವೇ. ಒಳಗಿನ ಅಲೆ ಹೊರಗೆ ಸೋರಬಾರದು, ಹೊರಗಿನದು ಒಳಗೆ ನುಗ್ಗಬಾರದು. ಮುಚ್ಚಳ ಮತ್ತು ಡಬ್ಬಿ ಸುತ್ತಲೂ ಲೋಹಕ್ಕೆ ಲೋಹ ತಾಗಿದ್ದರೆ ಮಾತ್ರ ಅದು ಸಾಧ್ಯ. ಪೇಂಟ್ ಅಂಚಿನ ಮೇಲೆ ಹರಿದರೆ ಅಲ್ಲಿ ಕರೆಂಟಿಗೆ ದಾರಿ ಇಲ್ಲ. ಸೀಳಿನ ಅಗಲ ಕಾಗದದಷ್ಟೇ ಇರಲಿ, ಲೆಕ್ಕಕ್ಕೆ ಬರುವುದು ಅದರ ಉದ್ದ. 10 ಗಿಗಾಹರ್ಟ್ಸಿನಲ್ಲಿ ಒಂದೂವರೆ ಸೆಂಟಿಮೀಟರ್ ಉದ್ದದ ಸೀಳು ಅರ್ಧ ಅಲೆಯಷ್ಟಾಗುತ್ತದೆ, ಆಂಟೆನಾ ಥರ ಕೆಲಸ ಮಾಡುತ್ತದೆ. ಸ್ಕ್ರೂಗಳನ್ನು ಅಷ್ಟು ಹತ್ತಿರ ಹತ್ತಿರ ಹಾಕಿಸುವುದೂ ಅದಕ್ಕೇ. ಅಮೆರಿಕದ ಸೇನೆಯ ಮಾನದಂಡವಾದ ಮಿಲ್ ಸ್ಟ್ಯಾಂಡರ್ಡ್ 461ರ ಪರೀಕ್ಷೆಯಲ್ಲಿ ಇಂಥ ಸೋರಿಕೆಯೆಲ್ಲ ಗೆರೆ ಗೆರೆಯಾಗಿ ತೆರೆಯ ಮೇಲೆ ಎದ್ದು ನಿಲ್ಲುತ್ತದೆ.

ಇನ್ನು ಜೆಎಸ್‌ಎಸ್ 55555 ಅನ್ನುವ ನಮ್ಮ ದೇಶದ ಮಾನದಂಡದಲ್ಲಿ ಚಳಿ, ಬಿಸಿ, ತೇವ, ಧೂಳು, ಕುಲುಕಾಟ, ಬೂಷ್ಟು ಎಲ್ಲದಕ್ಕೂ ಪರೀಕ್ಷೆ ಇದೆ. ಬೂಷ್ಟಿನ ಪರೀಕ್ಷೆ 28 ದಿನ ನಡೆಯುತ್ತದೆ. ಉಪ್ಪಿನ ಮಂಜಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಶೇಕಡಾ 5ರ ಉಪ್ಪುನೀರನ್ನು 35 ಡಿಗ್ರಿಯಲ್ಲಿ ಸಿಂಪಡಿಸುತ್ತಾರೆ. ಕಾರವಾರದ ಕಡಲ ಗಾಳಿ ನೆನಪಿಸಿಕೊಳ್ಳಿ. ಅಂಚಿನಲ್ಲಿ ಪೇಂಟ್ ಬದಲು ಕರೆಂಟ್ ಹಾಯುವ ಕ್ರೋಮೇಟ್ ಲೇಪ ಕೇಳುವುದು ಇದಕ್ಕೆ. ಲೋಹವೂ ತುಕ್ಕು ಹಿಡಿಯಬಾರದು, ಸಂಪರ್ಕವೂ ತಪ್ಪಬಾರದು. ಪೇಂಟಿಗೆ ಮುಂಚೆ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿಸಿ. ಪೇಂಟ್ ಆದ ಮೇಲೆ ಮಲ್ಟಿಮೀಟರಿನ ಎರಡು ಮೊನೆಗಳನ್ನು ಅಂಚಿನ ಸುತ್ತ ಮುಟ್ಟಿಸುತ್ತಾ ಹೋಗಿ. ಬೀಪ್ ತಪ್ಪಿದ ಜಾಗ ನಿಮ್ಮಲ್ಲೇ ಸಿಗುತ್ತದೆ, ಲಾರಿ ಹತ್ತುವ ಮೊದಲೇ. ಹರಿದ ಪೇಂಟನ್ನು ಉಪ್ಪುಕಾಗದದಿಂದ ಮಾತ್ರ ಕೆರೆಯಬೇಡಿ, ಕ್ರೋಮೇಟ್ ಲೇಪವೂ ಹೋಗಿಬಿಡುತ್ತದೆ.

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಮೈಕ್ರೋವೇವ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದ್ದಾಳೆ. ರೇಡಿಯೇಷನ್ ಅಂತ ನೆಂಟರೆಲ್ಲ ಹೆದರಿಸುತ್ತಾರೆ. ನಿಜವಾ ಅಕ್ಕಾ?
(ತಾಯಿ, ಅರಸೀಕೆರೆ)

ನಮ್ಮಮ್ಮನೂ ಇದೇ ಕೇಳಿದ್ದರು. ಇದು ಎಕ್ಸ್‌ರೇ ಥರದ್ದಲ್ಲ. ಮೈಕ್ರೋವೇವ್ ಮಾಡುವ ಮುಖ್ಯ ಹಾನಿ ಬಿಸಿ. ಪವರ್ ಜಾಸ್ತಿ ಇದ್ದಾಗ ಮಾತ್ರ ಅಪಾಯ, ಅದರಲ್ಲೂ ಕಣ್ಣಿಗೆ. ಕಣ್ಣಿನ ಮಸೂರಕ್ಕೆ ರಕ್ತ ಹರಿಯುವುದಿಲ್ಲ, ಬಿಸಿಯಾದರೆ ಬೇಗ ತಣಿಯುವುದಿಲ್ಲ. ಬೆಂಚಿನ ಮೇಲೆ ಮಾಮೂಲಿ ಅಳತೆಯಲ್ಲಿ ಇರುವ ಪವರ್ ತೀರಾ ಕಡಿಮೆ, ಅದೂ ಕೇಬಲಿನ ಒಳಗೇ ಇರುತ್ತದೆ. ದೊಡ್ಡ ಪವರಿನ ಟ್ರಾನ್ಸ್‌ಮಿಟರ್ ಓಡಿಸುವಾಗ ಅದನ್ನು ಡಮ್ಮಿ ಲೋಡಿಗೆ ಜೋಡಿಸಿ, ಅಲ್ಲೇ ಬಿಸಿಯಾಗಿ ಕರಗಿಸುತ್ತಾರೆ. ಸುತ್ತ ಸೋರಿಕೆ ಇದೆಯಾ ಅಂತ ಮೀಟರ್ ಹಿಡಿದು ಅಳೆಯುತ್ತಾರೆ. ಅವಳು ಮುಂದೆ ಬಸುರಿಯಾದರೆ ಸೇಫ್ಟಿ ಆಫೀಸರಿಗೂ ಡಾಕ್ಟರಿಗೂ ಮೊದಲೇ ಹೇಳಲಿ.

ಮಗಳು ಹಬ್ಬಕ್ಕೆ ಊರಿಗೆ ಬಂದಾಗ ಎರಡು ಮಾತು ಕೇಳಿ. ಟ್ರಾನ್ಸ್‌ಮಿಟರ್ ಆನ್ ಇರುವಾಗ ಬಾಗಿಲು ತೆಗೆದರೆ ತಾನಾಗೇ ಆಫ್ ಆಗುವ ಇಂಟರ್‌ಲಾಕ್ ಇದೆಯಾ, ಅದನ್ನು ಯಾರಾದರೂ ತಂತಿ ಸುತ್ತಿ ಬೈಪಾಸ್ ಮಾಡಿದ್ದಾರಾ? ಮತ್ತೆ, ವೇವ್‌ಗೈಡಿನ (ಅಲೆ ಸಾಗುವ ಲೋಹದ ಕೊಳವೆಯ) ತೆರೆದ ಬಾಯಿಗೆ ಅವಳು ಯಾವತ್ತಾದರೂ ಕಣ್ಣಿಟ್ಟು ನೋಡುತ್ತಾಳಾ? ಪವರ್ ಆಫ್ ಇದೆ ಅಂತ ಗೊತ್ತಿದ್ದರೂ ನೋಡಬಾರದು. ಮೊದಲು ಪ್ಲಗ್ ಕಿತ್ತು, ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡು, ಆಮೇಲೆ ಟಾರ್ಚ್ ಬಿಟ್ಟು ನೋಡಬೇಕು. ನಾನು 34 ವರ್ಷವೂ ಹಾಗೇ ಮಾಡಿದೆ. ನನ್ನ ಎರಡು ಕಣ್ಣೂ ಚೆನ್ನಾಗಿವೆ, ನಿಮ್ಮ ಕಾಗದವನ್ನು ಕನ್ನಡಕ ಇಲ್ಲದೆಯೇ ಓದಿದೆ.